ಆಲೂಗಡ್ಡೆಗೆ ಪಾದ್ರಿಗಳ ಶಿಫಾರಸು

ಆಲೂಗಡ್ಡೆ ತಿನ್ನಿ ಅಂತ ಯಾರಿಗಾದರೂ ಬುದ್ಧಿ ಹೇಳಬೇಕೇ, ಸ್ವಾಮಿ? ನಮ್ಮ ಮನೆಯಲ್ಲಿ ಪೂರಿ ಎಣ್ಣೆಗೆ ಬೀಳುವ ಮೊದಲೇ ಪಲ್ಯದ ಬಾಣಲೆ ಅರ್ಧ ಖಾಲಿ. ಆದರೆ ಹದಿನೆಂಟನೇ ಶತಮಾನದ ನಾರ್ವೆಯಲ್ಲಿ ಈ ಹೊಸ ಗಡ್ಡೆಯ ಪರವಾಗಿ ರೈತರ ಮನ ಒಲಿಸಲು ಊರ ಪಾದ್ರಿಗಳೇ ಹೊರಡಬೇಕಾಯಿತು. ಅವರಿಗೆ ‘ಆಲೂಗಡ್ಡೆ ಪಾದ್ರಿಗಳು’ ಎಂದೇ ಹೆಸರು ಬಿತ್ತು. ಅವರಲ್ಲೊಬ್ಬ, ಪೇಡರ್ ಹಾರ್ಬೋ ಹರ್ಟ್ಸ್‌ಬರ್ಗ್, ಇದನ್ನು ನೆಡುವುದು ಹೇಗೆ, ಬಳಸುವುದು ಹೇಗೆ ಅಂತ 1763ರಲ್ಲಿ ಒಂದು ಪುಸ್ತಿಕೆಯನ್ನೇ ಬರೆದ. ಸ್ವರ್ಗದ ದಾರಿ ಕೇಳಲು ಬಂದವರಿಗೆ ನೆಲ ಅಗೆಯುವ ದಾರಿ ತೋರಿಸಿದ ಪುಣ್ಯಾತ್ಮ!

ಪಾದ್ರಿಯದು ವಿನಂತಿಯಾದರೆ, ಪ್ರಷ್ಯಾದ ದೊರೆ ಎರಡನೇ ಫ್ರೆಡರಿಕ್‌ನದು ಅಪ್ಪಣೆ. ಆಲೂಗಡ್ಡೆ ಬೆಳೆಯಿರಿ ಎಂದು 1756ರಲ್ಲಿ ಹುಕುಂ ಹೊರಡಿಸಿದ. ಇವತ್ತಿಗೂ ಪಾಟ್ಸ್‌ಡ್ಯಾಮಿನಲ್ಲಿರುವ ಅವನ ಸಮಾಧಿಯ ಮೇಲೆ ಜನ ಆಲೂಗಡ್ಡೆ ಇಟ್ಟು ಹೋಗುತ್ತಾರೆ. ಫ್ರಾನ್ಸಿನ ಪಾರ್ಮಾಂತಿಯೇ ಎಂಬ ಔಷಧಿ ಪಂಡಿತ ಅದೇ ಪ್ರಷ್ಯಾದಲ್ಲಿ ಯುದ್ಧಕೈದಿಯಾಗಿ ಇದನ್ನು ತಿಂದು, ಸಾಯದೆ ಉಳಿದು, ಊರಿಗೆ ಬಂದು ಗಡ್ಡೆಯ ವಕೀಲನಾದ. ಕೊಚ್ಚಿದ ಮಾಂಸದ ಮೇಲೆ ಆಲೂಗಡ್ಡೆಯ ಮುದ್ದೆ ಹೊದಿಸಿ ಬೇಯಿಸಿದ ತಿನಿಸಿಗೆ ಈಗ ಅವನ ಹೆಸರು. ಬೆಂದದ್ದು ಗಡ್ಡೆ, ಹೆಸರು ವಕೀಲರಿಗೆ!

ನಾರ್ವೆಯ ‘ಲೆಫ್ಸೆ’ ಎಂಬ ತೆಳು ರೊಟ್ಟಿಯದೂ ಹೀಗೆಯೇ ವೇಷ ಮರೆಸಿದ ಕಥೆ. ಬರಿಯ ಹಿಟ್ಟಿನ ಲೆಫ್ಸೆ ಅಲ್ಲಿ ಮೊದಲಿನಿಂದಲೂ ಇತ್ತು. ಗಡ್ಡೆ ಆಮೇಲೆ ಸದ್ದಿಲ್ಲದೆ ಕಣಕದೊಳಗೆ ನುಸುಳಿತು. ಆಲೂಗಡ್ಡೆ ಬೇಯಿಸಿ, ಒಂದೂ ಗಂಟಿಲ್ಲದಂತೆ ಹಿಸುಕಿ, ಬೆಣ್ಣೆ, ಕೆನೆ ಸೇರಿಸಿ ಆರಲು ಬಿಡುತ್ತಾರೆ. ಹಿಟ್ಟು ಬೆರೆಸುವುದು ಲಟ್ಟಿಸುವ ಹೊತ್ತಿಗೇ. ಮೊದಲೇ ಬೆರೆಸಿಟ್ಟಿರೋ, ನೀರು ಬಿಟ್ಟುಕೊಂಡು ಕೈಗೂ ಮಣೆಗೂ ಅಂಟಿಕೊಂಡು ಸಾಲಗಾರನ ಹಾಗೆ ಕಾಡುತ್ತದೆ. ಗೀರುಗಳಿರುವ ಲಟ್ಟಣಿಗೆಯಲ್ಲಿ ತೆಳ್ಳಗೆ ಲಟ್ಟಿಸಿ, ಉದ್ದನೆಯ ಚಪ್ಪಟೆ ಕೋಲಿನಿಂದ ಎತ್ತುತ್ತಾರೆ. ಒದ್ದೆ ಪಂಚೆಯನ್ನು ಗಳುವಿಗೆ ಹಾಕಿದಂತೆ ಅದು ಜೋಲುತ್ತದೆ. ಎಣ್ಣೆ ಮುಟ್ಟಿಸದ ದೊಡ್ಡ ಕಾವಲಿಯ ಮೇಲೆ ಬೇಯಿಸಿ, ಬಟ್ಟೆ ಮುಚ್ಚಿ ಮೆತ್ತಗಿಡುತ್ತಾರೆ. ಆಮೇಲೆ ಬೆಣ್ಣೆ ಸವರಿ, ಸಕ್ಕರೆ ಉದುರಿಸಿ ಸುರುಳಿ ಸುತ್ತುವುದು. ಇದಕ್ಕೆ ‘ಲೊಂಪೆ’ ಎಂಬ ಪುಟ್ಟ ತಮ್ಮನೊಬ್ಬನಿದ್ದಾನೆ. ಬೀದಿಬದಿಯಲ್ಲಿ ಸಾಸೇಜಿಗೆ ಕಂಬಳಿ ಹೊದಿಸುವುದೇ ಅವನ ಉದ್ಯೋಗ.

ಹಸಿ ಆಲೂಗಡ್ಡೆ ತುರಿದು ಉಂಡೆ ಕಟ್ಟಿ ನೀರಲ್ಲಿ ಬೇಯಿಸುವ ಕಡುಬಿಗಂತೂ ಅಲ್ಲಿ ಸೀಮೆಗೊಂದು ಹೆಸರು: ರಾಸ್ಪೆಬಾಲ್, ಕೊಮ್ಲೆ, ಕ್ಲುಬ್, ಕೊಂಪೆ. ಹೌದು, ಕೊಂಪೆ! ನಮಗೆ ಹಾಳು ಬಿದ್ದ ಊರು, ಅವರಿಗೆ ಹಬೆಯಾಡುವ ಊಟ. ಇಂಥದ್ದೇ ಉಂಡೆಯನ್ನು ಲಿಥುವೇನಿಯದವರು ಉದ್ದಗೆ ಮಾಡಿ, ಹೊಟ್ಟೆಗೆ ಮಾಂಸ ತುಂಬಿ ‘ಸೆಪೆಲಿನಾಯ್’ ಅನ್ನುತ್ತಾರೆ. ಜೆಪ್ಪೆಲಿನ್ ವಾಯುನೌಕೆಯ ಆಕಾರವಂತೆ. ಅದು ಹಾರುತ್ತಿತ್ತು, ಇದನ್ನು ಎರಡು ತಿಂದವನು ಕುರ್ಚಿಯಿಂದ ಏಳಲಾರ.

ಸ್ವಿಟ್ಜರ್ಲೆಂಡಿನವರು ಆಲೂಗಡ್ಡೆ ತುರಿದು ಹುರಿಯುವ ‘ರೋಷ್ಟಿ’ಗೆ ಹೆಸರಲ್ಲೇ ರೋಷವಿದೆ. ಅಲ್ಲಿ ಜರ್ಮನ್ ಮಾತಾಡುವವರಿಗೂ ಫ್ರೆಂಚ್ ಮಾತಾಡುವವರಿಗೂ ನಡುವಿನ ಗೆರೆಯನ್ನು ‘ರೋಷ್ಟಿ ಕಂದಕ’ ಎಂದೇ ಕರೆಯುತ್ತಾರೆ. ಗಡಿ ತಂಟೆಗೆ ನಮ್ಮಲ್ಲಿ ಆಯೋಗ ಕೂರುತ್ತದೆ, ಅಲ್ಲಿ ಬಾಣಲೆ. ಸ್ಪೇನಿನವರದು ಇನ್ನೊಂದು ರಗಳೆ: ಆಲೂಗಡ್ಡೆ ಆಮ್ಲೆಟ್ಟಿಗೆ ಈರುಳ್ಳಿ ಬೇಕೋ ಬೇಡವೋ? ಮನೆಮನೆಯಲ್ಲೂ ಎರಡು ಪಕ್ಷ, ರಾಜಿ ಮಾತೇ ಇಲ್ಲ. ಒಂದು ಕಾಲಕ್ಕೆ ಬೇಡ ಎಂದವರ ಮೊಮ್ಮಕ್ಕಳು ಈಗ ‘ನಮ್ಮದೇ ಸರಿ’ ಅಂತ ಕಿತ್ತಾಡುತ್ತಿದ್ದಾರೆ ನೋಡಿ!

ಇಷ್ಟೆಲ್ಲ ಹೇಳಿ, ‘ಗಡ್ಡೆ ತಿನ್ನಲು ಪಾದ್ರಿ ಶಿಫಾರಸು ಬೇಕಾಯಿತಲ್ಲ, ಎಂಥ ಜನ’ ಅಂತ ಮೊನ್ನೆ ಮನೆಯಲ್ಲಿ ನಗುತ್ತಿದ್ದೆ. ಅಪ್ಪನ ಶ್ರಾದ್ಧಕ್ಕೆ ತರಕಾರಿ ಪಟ್ಟಿ ಬರೆಯುತ್ತಿದ್ದ ಅಮ್ಮ ತಲೆಯೆತ್ತದೆ ಹೇಳಿದರು: ‘ಬಾಳೆಕಾಯಿ, ಹಾಗಲಕಾಯಿ, ಗೋರಿಕಾಯಿ ತಾ. ಆಲೂಗಡ್ಡೆ ತಂದುಬಿಟ್ಟೀಯ, ಆ ದಿನಕ್ಕೆ ಅದು ನಿಷಿದ್ಧ.’

ತೆಪ್ಪಗೆ ಚೀಲ ತೆಗೆದುಕೊಂಡು ಹೊರಟೆ. ನಮ್ಮ ಪುರೋಹಿತರು ಇನ್ನೂ ಪುಸ್ತಿಕೆ ಬರೆದಿಲ್ಲ.