ಗೇರಣ್ಣನ ಎಣ್ಣೆಸ್ನಾನ

ಕಾರಿಗೆ ಎಂಜಿನ್ ಆಯಿಲ್ ಬದಲಿಸಬೇಕೆಂದು ಲೋಕಕ್ಕೆಲ್ಲ ಗೊತ್ತು. ಹಿಂದಿನ ಅಚ್ಚಿನ ನಡುವೆ ಡಿಫರೆನ್ಷಿಯಲ್ ಎಂಬುದೊಂದಿದೆ, ಅದಕ್ಕೂ ಒಂದು ಎಣ್ಣೆಯಿದೆ, ಆ ಎಣ್ಣೆಗೂ ವಯಸ್ಸಾಗುತ್ತದೆ ಎಂದು ನಡುರಾತ್ರಿ ಎದ್ದು ಕೂರುವವರ ಜಾತಿಯೇ ಬೇರೆ. ಅಮೆರಿಕದ ಕನ್ನಡ ಕೂಟಗಳಲ್ಲಿ ಅಂಥವನೊಬ್ಬ ಇದ್ದೇ ಇರುತ್ತಾನೆ. ಯುಗಾದಿ ಊಟದ ಸಾಲಿನಲ್ಲಿ ಎಲ್ಲರೂ ಮನೆ ಸಾಲದ ಬಡ್ಡಿ, ಮಕ್ಕಳ ಕಾಲೇಜು ಮಾತಾಡುತ್ತಿದ್ದರೆ ಈತ ಮೆಲ್ಲಗೆ ಪಕ್ಕಕ್ಕೆ ಬಂದು, "ನಿನ್ ಡಿಫ್ ಫ್ಲೂಯಿಡ್ ಚೇಂಜ್ ಮಾಡಿ ಎಷ್ಟು ದಿನ ಆಯ್ತು?" ಎನ್ನುತ್ತಾನೆ. ಹಲ್ಲು ಕಿರಿದಿರೋ, ಹೋಳಿಗೆ ಆರಿ ತಣ್ಣಗಾಗುವವರೆಗೆ ಬಿಡುಗಡೆಯಿಲ್ಲ.

ಇಂಥವರಿಗೆ ನಾನಿಟ್ಟ ಹೆಸರು ಗೇರಣ್ಣ. ನನ್ನ ಪಾಲಿನ ಗೇರಣ್ಣ ಡೆಟ್ರಾಯಿಟ್‌ನ ಹೊರವಲಯದಲ್ಲಿ, ನಮ್ಮ ಮನೆಯಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿದ್ದಾನೆ. ಅದೇ ನನ್ನ ಗ್ರಹಚಾರ. ಹಗಲು ಸಾಫ್ಟ್‌ವೇರ್, ಮಿಕ್ಕ ಹೊತ್ತು 2011ರ ಮಸ್ಟಾಂಗ್ ಜಿಟಿ. ಐದು ಲೀಟರಿನ ವಿ-8 ಎಂಜಿನ್, 412 ಅಶ್ವಶಕ್ತಿ, ಇಲ್ಲೇ ಫ್ಲಾಟ್ ರಾಕ್ ಕಾರ್ಖಾನೆಯ ಕೂಸು. ಇಷ್ಟು ಕುದುರೆ ಕಟ್ಟಿಕೊಂಡು ಪುಣ್ಯಾತ್ಮ ಓಡಿಸುವುದು ಗಂಟೆಗೆ 35 ಮೈಲಿ ವೇಗದಲ್ಲಿ. ಚಳಿಗಾಲ ಬಂದು ರಸ್ತೆಗೆ ಉಪ್ಪು ಬಿದ್ದೊಡನೆ ಕಾರಿಗೆ ಹೊದಿಕೆ. ಏಪ್ರಿಲ್ ಮಳೆ ಆ ಉಪ್ಪನ್ನು ತೊಳೆದ ಮೇಲಷ್ಟೇ ಅದಕ್ಕೆ ಬಿಸಿಲು. ಆಗಸ್ಟಿನಲ್ಲಿ ವುಡ್‌ವರ್ಡ್ ಡ್ರೀಮ್ ಕ್ರೂಸ್, 1995ರಲ್ಲಿ ಶುರುವಾದ ಕಾರುಗಳ ಜಾತ್ರೆ. ಅಲ್ಲಿ ಸಾವಿರಾರು ಕಾರುಗಳ ನಡುವೆ ಇವನದೂ ತೆವಳುತ್ತದೆ. ವರ್ಷಕ್ಕೆ ಓಡುವುದು ನಾಲ್ಕು ಹೆಜ್ಜೆ, ಆದರೆ ಹಿಂದಿನ ಎಣ್ಣೆ ಮಾತ್ರ ತಪ್ಪದೆ ಬದಲಾಗುತ್ತದೆ. ತೆಗೆದದ್ದು ಯಾವುದು, ಹಾಕುವುದು ಯಾವುದು ಎಂದು ಬಣ್ಣ ನೋಡಿ ಹೇಳಲು ನನ್ನಿಂದಾಗಿಲ್ಲ.

"ಕೆಲವು ಕಂಪನಿಯವರು ಈ ಎಣ್ಣೆ ಲೈಫ್‌ಟೈಮ್ ಬರುತ್ತೆ ಅಂತಾರಲ್ಲ?" ಎಂದು ಒಮ್ಮೆ ಕೇಳಿದೆ.

"ಯಾರ ಲೈಫು? ವಾರಂಟಿಯ ಲೈಫಾ?" ಎಂದ. ಈ ಮಾತಿಗೆ ನನ್ನಲ್ಲಿ ಇವತ್ತಿಗೂ ಉತ್ತರವಿಲ್ಲ.

ಡಿಫರೆನ್ಷಿಯಲ್ ಏಕೆ ಬೇಕೆಂದು ತಿಳಿಯದವರನ್ನು ಕಂಡರೆ ಅವನಿಗೆ ಸಿಟ್ಟಲ್ಲ, ಕನಿಕರ. ಕೂಡಲೇ ಫೋನು ತೆಗೆದು, ಡೆಟ್ರಾಯಿಟ್‌ನ ಜ್ಯಾಮ್ ಹ್ಯಾಂಡಿ ಸಂಸ್ಥೆ 1937ರಲ್ಲಿ ಷೆವ್ರೊಲೆಗಾಗಿ ಮಾಡಿಕೊಟ್ಟ 'ಅರೌಂಡ್ ದ ಕಾರ್ನರ್' ಎಂಬ ಕಪ್ಪುಬಿಳುಪು ಚಿತ್ರ ಹಚ್ಚುತ್ತಾನೆ. ಮೋಟಾರ್‌ಸೈಕಲ್ ಸವಾರರು ಅಕ್ಕಪಕ್ಕ ಸಾಲುಗಟ್ಟಿ ಬಂದು ತಿರುಗುತ್ತಾರೆ. ಹೊರಗಿನವನಿಗೆ ದೂರ ಹೆಚ್ಚು, ಅವನು ಜೋರಾಗಿ ಹೋಗಬೇಕು. ಒಳಗಿನವನು ತಡೆದುಕೊಳ್ಳಬೇಕು. ಕಾರಿನ ಎಡಬಲದ ಚಕ್ರಗಳದೂ ಅದೇ ಪಾಡು. ಎಂಜಿನ್ ಒಂದೇ, ತಿರುವಿನಲ್ಲಿ ಬೇಕಾದ ವೇಗ ಎರಡು. ಈ ಜಗಳ ಬಿಡಿಸುವುದೇ ಡಿಫರೆನ್ಷಿಯಲ್. ಆ ಚಿತ್ರಕ್ಕಿಂತ ಚೆನ್ನಾಗಿ ಇದನ್ನು ಇನ್ನಾರೂ ಹೇಳಿಕೊಟ್ಟದ್ದು ನಾನು ಕಂಡಿಲ್ಲ. ಆದರೆ ಗೃಹಪ್ರವೇಶ, ಸತ್ಯನಾರಾಯಣ ಪೂಜೆಗಳಲ್ಲೆಲ್ಲ ನೋಡಿ ನೋಡಿ ಈಗ ಆ ಸವಾರರು ನನ್ನ ನೆಂಟರಾಗಿದ್ದಾರೆ. ಇನ್ನು 'ಮೈ ಕಸಿನ್ ವಿನ್ನಿ' ಸಿನಿಮಾದ ಮಾತು ಬಂತೋ, ಕೋರ್ಟಿನಲ್ಲಿ ಕೇಸು ಗೆಲ್ಲಿಸಿದ್ದು ಹಿಂದಿನ ಅಚ್ಚೇ ಎಂದು ತೊಡೆ ತಟ್ಟುತ್ತಾನೆ. ಅವನ ಪ್ರಕಾರ ಆ ಆಸ್ಕರ್ ಬಂದದ್ದು ಡಿಫರೆನ್ಷಿಯಲ್ಲಿಗೆ, ಮರೀಸಾ ಟೊಮೆ ಅದರ ಪರವಾಗಿ ವೇದಿಕೆ ಹತ್ತಿದ್ದಳು, ಅಷ್ಟೆ.

ಇದೆಲ್ಲ ಸಹಿಸಬಹುದು. ಸಹಿಸಲಾಗದ್ದು ಶನಿವಾರ ಬೆಳಗಿನ ಫೋನು. "ಐದೇ ನಿಮಿಷ, ಟಾರ್ಚ್ ಹಿಡಿಯೋಕೆ ಬಾ."

ಹೋದರೆ ಕಾರು ಆಗಲೇ ನಾಲ್ಕು ಜ್ಯಾಕ್ ಸ್ಟ್ಯಾಂಡುಗಳ ಮೇಲೆ ಮಟ್ಟಸವಾಗಿ ಕೂತಿರುತ್ತದೆ. ಎಣ್ಣೆ ಬಿಸಿಯಾಗಿದ್ದರೆ ಸರಾಗ ಇಳಿಯುತ್ತದೆಂದು ಮೊದಲೇ ಒಂದು ಸುತ್ತು ಓಡಿಸಿ ತಂದಿರುತ್ತಾನೆ. ಜ್ಯಾಕ್ ನಂಬಿ ಕಾರಿನ ಕೆಳಗೆ ಮಲಗಿದವನಿಗೆ ಎದ್ದು ಬರುವ ಖಾತ್ರಿಯಿಲ್ಲ ಎಂದು ಎಚ್ಚರಿಸಿ ಕಾರನ್ನೊಮ್ಮೆ ಅಲುಗಾಡಿಸುತ್ತಾನೆ. ಆಮೇಲೆ ಪ್ರವಚನ: "ಮೊದಲು ಎಣ್ಣೆ ತುಂಬೋ ತೂತಿನ ಬಿರಡೆ ಬಿಚ್ಚು. ಕೆಳಗಿಂದ ಎಲ್ಲ ಇಳಿಸಿಬಿಟ್ಟು, ಆಮೇಲೆ ಮೇಲಿನ ಬಿರಡೆ ಬರಲಿಲ್ಲ ಅಂದ್ರೆ ತುಂಬೋದು ಎಲ್ಲಿಂದ?" ಮಾತು ನೂರಕ್ಕೆ ನೂರು ಸರಿ. ರಸ್ತೆ ಅಗೆದ ಮೇಲೆ ಜಲ್ಲಿ ಹುಡುಕುವ ನಮ್ಮವರಿಗೆ ಇದನ್ನು ಯಾರಾದರೂ ಕಲಿಸಬಾರದಿತ್ತೇ ಅನ್ನಿಸುತ್ತದೆ. ಅಷ್ಟರಲ್ಲಿ ಕೆಳಗಿನಿಂದ ಕೂಗು: "ಬೆಳಕು ಎಲ್ಲಿ ಹಿಡಿದಿದ್ದೀಯೋ?"

ಈ ಕಾರಿನ ಅಚ್ಚಿಗೆ ಎಣ್ಣೆ ಇಳಿಸುವ ಬಿರಡೆಯೇ ಇಲ್ಲ. ಹಿಂದಿನ ಮುಚ್ಚಳವನ್ನೇ ಕಳಚಬೇಕು. ಹತ್ತು ಬೋಲ್ಟು. ಮೇಲಿನದೊಂದನ್ನು ಸಡಿಲಾಗಿ ಬಿಟ್ಟು ಮಿಕ್ಕದ್ದೆಲ್ಲ ತೆಗೆದು, ಸಂದಿಗೆ ಸ್ಕ್ರೂಡ್ರೈವರ್ ತೂರಿಸಿ ಮೀಟಿದರೆ ಎರಡು ಲೀಟರಿನಷ್ಟು ಎಣ್ಣೆ ಧೊಪ್ಪನೆ ಬೀಳುತ್ತದೆ. ಪ್ಯಾನಿಗೆ ಬಿದ್ದಷ್ಟು ಪ್ಯಾನಿಗೆ, ಮಿಕ್ಕದ್ದು ಟಾರ್ಚ್ ಹಿಡಿದವನ ತೋಳಿಗೆ.

ಅದರ ವಾಸನೆ! ಅದಕ್ಕೂ ಚರಿತ್ರೆಯಿದೆ. 1920ರ ದಶಕದಲ್ಲಿ ಇದೇ ಡೆಟ್ರಾಯಿಟ್‌ನ ಪ್ಯಾಕರ್ಡ್ ಕಂಪನಿ ಹೈಪಾಯಿಡ್ ಗೇರ್ ತಂದಿತು. ಪಿನಿಯನ್ ಗೇರನ್ನು ದೊಡ್ಡ ಚಕ್ರದ ನಡುಮಟ್ಟಕ್ಕಿಂತ ಕೆಳಗಿಟ್ಟರೆ ಉದ್ದನೆಯ ಶಾಫ್ಟು ತಗ್ಗುತ್ತದೆ, ಕಾರಿನ ನೆಲವೂ ತಗ್ಗುತ್ತದೆ. ಆದರೆ ಹಲ್ಲುಗಳು ಬರೀ ಉರುಳುವುದಿಲ್ಲ, ಒಂದರ ಮೇಲೊಂದು ಉಜ್ಜಿ ಜಾರುತ್ತವೆ. ಆ ಒತ್ತಡ ತಾಳಲು ಎಣ್ಣೆಗೆ ಗಂಧಕ, ರಂಜಕ ಬೆರೆಸಬೇಕು. ಪ್ಯಾಕರ್ಡ್ ಕಾರುಗಳು ಮಾಯವಾಗಿ ಎಷ್ಟೋ ಕಾಲವಾಯಿತು, ಗಂಧಕದ ನಾತ ನನ್ನ ಅಂಗಿಯಲ್ಲಿದೆ. ಅವನ ಹೆಂಡತಿ ಗರಾಜಿನಲ್ಲೇ ಹಗ್ಗ ಕಟ್ಟಿದ್ದಾರೆ. ಆ ಬಟ್ಟೆ ಹೊಸ್ತಿಲು ದಾಟುವಂತಿಲ್ಲ.

ಎಣ್ಣೆ ತುಂಬುವ ಬಿರಡೆಯ ತುದಿಯಲ್ಲೊಂದು ಅಯಸ್ಕಾಂತ. ಅದಕ್ಕಂಟಿದ ಕಪ್ಪು ಲೇಹವನ್ನು ಗೇರಣ್ಣ ಬೆರಳಿಗೆ ಸವರಿಕೊಂಡು, ಅಂಜನ ಹಾಕಿ ನೋಡುವವನ ಹಾಗೆ ದಿಟ್ಟಿಸುತ್ತಾನೆ. ನುಣ್ಣಗಿದ್ದರೆ ಸಹಜ ಸವೆತ. ಚೂರು ಸಿಕ್ಕರೆ ಒಳಗೆ ಹಲ್ಲು ಮುರಿದಿದೆ. ಚೂರು ಸಿಕ್ಕಿದ್ದೇ ಇಲ್ಲ. ಪ್ರತಿಸಲ ಅವನ ಮುಖದಲ್ಲಿ ನೆಮ್ಮದಿಯೊಂದಿಗೆ ತುಸು ನಿರಾಸೆಯೂ ಕಾಣುತ್ತದೆ.

ಮುಚ್ಚಳಕ್ಕೆ ಹೊಸ ಸಿಲಿಕೋನ್ ಬಳಿದ ಮೇಲೆ ಅದು ಗಟ್ಟಿಯಾಗುವವರೆಗೆ ಕಾಯಬೇಕು. ಹಾಗೊಮ್ಮೆ ಮಡಿಸುವ ಕುರ್ಚಿಯಲ್ಲಿ ಕಾಫಿ ಹಿಡಿದು ಕೂತಿದ್ದಾಗ ನಾನು ನೋಡಿದ್ದು: ಅವನ ಹಣೆಗೆ ಎಲ್‌ಇಡಿ ದೀಪ ಕಟ್ಟಿದೆ. ಕಾರಿನಡಿ ಇನ್ನೆರಡು ದೀಪ ಅಂಟಿ ಕೂತಿವೆ. ನನ್ನ ಟಾರ್ಚು ಈವರೆಗೆ ಬೆಳಗಿದ್ದೇನು? ಕೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವನೇ, "ಮುಂಚೆ ಮಗ ಹಿಡೀತಿದ್ದ. ನಿನಗಿಂತ ಚೆನ್ನಾಗಿ ಹಿಡೀತಿದ್ದ ಬಿಡು" ಎಂದ. ಮಗ ಈಗ ಕ್ಯಾಲಿಫೋರ್ನಿಯಾದಲ್ಲಿ, ಎಲೆಕ್ಟ್ರಿಕ್ ಕಾರಿನಲ್ಲಿ. "ಬ್ಯಾಟರಿ ಬಂದ್ರೂ ಡಿಫ್ ಎಲ್ಲಿ ಹೋಯ್ತು? ಅಚ್ಚಿಗೊಂದೇ ಮೋಟರ್ ಇದ್ರೆ ಅದರೊಳಗೂ ಡಿಫ್ ಬೇಕೇ ಬೇಕು. ಬಂದಾಗ ನೋಡೋಣ ಅಂದೆ. ಬೇಕಾದ್ರೆ ಆ್ಯಪ್ ಹೇಳುತ್ತೆ ಅಪ್ಪ, ಅಂದ." ಹೇಳಿ, ಒಣಗಿದೆಯೋ ಇಲ್ಲವೋ ಎಂದು ಸಿಲಿಕೋನ್ ಮುಟ್ಟಿ ನೋಡಿದ. ಇನ್ನೂ ಒಣಗಿರಲಿಲ್ಲ. ನನಗೂ ಏಳಬೇಕೆನಿಸಲಿಲ್ಲ.

ತುಂಬಿದ್ದು 75ಡಬ್ಲ್ಯೂ-140 ಎಣ್ಣೆ, ಜೊತೆಗೊಂದು ಸಣ್ಣ ಬಾಟಲಿ ಫ್ರಿಕ್ಷನ್ ಮಾಡಿಫೈಯರ್. ಒಂದು ಚಕ್ರವೇ ಸುಮ್ಮನೆ ಜಾರಿ ತಿರುಗದಂತೆ ಹಿಡಿಯುವ ಕ್ಲಚ್ ಬಿಲ್ಲೆಗಳು ಒಳಗಿವೆ; ಈ ಔಷಧಿ ಬೀಳದಿದ್ದರೆ ತಿರುವಿನಲ್ಲಿ ಕಟಕಟ ಎನ್ನುತ್ತವೆ. ಔಷಧಿ ಬಿಲ್ಲೆಗಳಿಗೆಲ್ಲ ಹತ್ತಲು ಖಾಲಿ ಜಾಗದಲ್ಲಿ ನಿಧಾನವಾಗಿ ಎಂಟು ಹಾಕಬೇಕು. ಶಾಲೆಯ ಪಾರ್ಕಿಂಗ್ ಬಯಲಿನಲ್ಲಿ ಹಾಕಿದೆವು. ಮಗಳ ಮನೆಗೆಂದು ಮೈಸೂರಿನಿಂದ ಬಂದಿದ್ದ ಹಿರಿಯರೊಬ್ಬರು ಮಂಕಿಕ್ಯಾಪು ಹಾಕಿಕೊಂಡು ವಾಕಿಂಗಿನಲ್ಲಿದ್ದರು. ಬಹಳ ಹೊತ್ತು ನಿಂತು ನೋಡಿದರು. ಕಿಟಕಿ ಇಳಿಸಿ ನಮಸ್ಕಾರ ಹೇಳಿದಾಗ ಮೆಲ್ಲಗೆ ಕೇಳಿದರು: "ಇಲ್ಲಿ ಆರ್‌ಟಿಓದವರು ಕಾರಿನಲ್ಲೂ ಎಂಟು ಹಾಕಿಸ್ತಾರಾ? ಈ ವಯಸ್ಸಲ್ಲಿ?"

ಈ ಡಿಫರೆನ್ಷಿಯಲ್ಲಿಗೆ ಇಲ್ಲಿನ ಮೆಕ್ಯಾನಿಕ್‌ಗಳು ಕುಂಬಳಕಾಯಿ ಅನ್ನುತ್ತಾರೆ. ಹಿಮಕ್ಕೆ ಹೆದರಿ ನಾನು ನಾಲ್ಕೂ ಚಕ್ರ ತಿರುಗುವ ಗಾಡಿಯೊಂದನ್ನು ಕೊಂಡಿದ್ದೆ. ಅದರ ಹಿಂದೆಯೂ ಪುಟ್ಟದೊಂದು ಕುಂಬಳಕಾಯಿಯಿದೆ ಎಂಬುದನ್ನು ಗೇರಣ್ಣನಿಂದ ಮುಚ್ಚಿಟ್ಟಿದ್ದೆ. ಅವನು ಕುಂಬಳಕಾಯಿ ಅಂದಾಗಲೆಲ್ಲ ಹೆಗಲು ಮುಟ್ಟಿಕೊಳ್ಳದಿರಲು ಪಟ್ಟ ಕಷ್ಟ ನನಗೇ ಗೊತ್ತು. ರಾಜ್ಯೋತ್ಸವದ ದಿನ ಎಲ್ಲ ಮುಗಿಯಿತು. ಗರಿಗರಿ ಜುಬ್ಬಾ ತೊಟ್ಟು, ಹೆಗಲ ಮೇಲೆ ಹಳದಿ ಕೆಂಪು ಶಾಲು ಹೊದ್ದವನು ಏನೋ ಬಿದ್ದುಹೋಯಿತೆಂದು ಬಗ್ಗಿದ, ನನ್ನ ಗಾಡಿಯಡಿ ಕಣ್ಣು ಹಾಯಿಸಿದ, ಅಲ್ಲೇ ಟಾರಿನ ಮೇಲೆ ಅಂಗಾತ ಮಲಗಿಬಿಟ್ಟ. "ಕಳ್ಳಾ! ನಿನಗೂ ಇದೆ!"

ಮುಂದಿನ ಶನಿವಾರಕ್ಕೆ ಗೊತ್ತಾಗಿದೆ. "ಸ್ಪ್ಯಾನರ್ ನೀನು ಹಿಡಿ, ಟಾರ್ಚ್ ನಾನು ಹಿಡೀತೀನಿ" ಎಂದಿದ್ದಾನೆ. ನನ್ನ ಹೆಂಡತಿ ಆಗಲೇ ನಮ್ಮ ಗರಾಜಿನಲ್ಲೂ ಹಗ್ಗ ಕಟ್ಟಿಯಾಗಿದೆ.