ಪುನಃಕಪಿಲೀಕರಣ ಮೀಮಾಂಸೆ

ಮೊದಲು ಹೊಂಬಣ್ಣ ಹೊಡೆಸಿ, ಅಕ್ಕನ ಮದುವೆಗೆಂದು ಅಪ್ಪನ ಭಯಕ್ಕೆ ಕಪ್ಪು ಬಳಿಸಿ, ಬೀಗರೂಟ ಮುಗಿದ ಮರುದಿನವೇ ಹಳೆಯ ಹೊಂಬಣ್ಣ ಬೇಕೆಂದು ಹಟ ಹಿಡಿಯುವ ತಲೆಗೆ ಪ್ರಸ್ತುತ ಪ್ರಬಂಧದಲ್ಲಿ ‘ಪುನಃಕಪಿಲಾರ್ಥಿ’ ಎಂಬ ಪಾರಿಭಾಷಿಕ ಸಂಜ್ಞೆ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಬಸ್ ನಿಲ್ದಾಣಗಳಲ್ಲಿ ಈ ಜೀವಿ ಧಾರಾಳವಾಗಿ ಸಿಗುವುದರಿಂದ ಕ್ಷೇತ್ರಕಾರ್ಯಕ್ಕೆ ಬಸ್ ಚಾರ್ಜಿಗಿಂತ ಹೆಚ್ಚಿನ ಅನುದಾನ ಬೇಕಾಗಲಿಲ್ಲ.

ಆಧಾರಗಳಿಗೆ ಕೊರತೆಯಿಲ್ಲ. ಪತಂಜಲಿ ಮಹಾಭಾಷ್ಯದಲ್ಲಿ ಕಪಿಲಕೇಶವನ್ನು, ಅಂದರೆ ಕಂದುಹೊನ್ನಿನ ಕೂದಲನ್ನು, ಬ್ರಾಹ್ಮಣನ ಗುಣಗಳ ಸಾಲಿಗೆ ಸೇರಿಸುತ್ತಾನೆ. ಮನುಸ್ಮೃತಿಯ 3ನೆಯ ಅಧ್ಯಾಯವೋ ಕಪಿಲೆಯಾದ ಕನ್ಯೆಯನ್ನು ಮದುವೆಯಾಗಬೇಡ ಎನ್ನುತ್ತದೆ. ಗಂಡಿಗೆ ಗುಣ, ಹೆಣ್ಣಿಗೆ ದೋಷ ಎಂಬ ಈ ತೊಡಕನ್ನು ಮದುವೆ ದಲ್ಲಾಳಿಗಳು ಇಬ್ಬರಿಗೂ ದೋಷವೆಂದು ಸಾರಿ ಬಗೆಹರಿಸಿದ್ದಾರೆ. ಸ್ಥಳೀಯ ಪ್ರಮಾಣ ಹುಡುಕಹೋದರೆ, 1861ರಲ್ಲಿ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಸರ್ ಎಂ. ವಿಶ್ವೇಶ್ವರಯ್ಯನವರು ನಾವು ಕಂಡ ಚಿತ್ರಗಳಲ್ಲೆಲ್ಲ ಪೇಟ ಧರಿಸಿಯೇ ಕುಳಿತಿದ್ದಾರೆ. ದತ್ತಾಂಶ ಮುಚ್ಚಿಹೋಗಿದೆ.

ಇನ್ನು ಪೂರ್ವಪಕ್ಷ: “ಕಪ್ಪಿನ ಮೇಲೇ ಗೋಲ್ಡ್ ಕಲರ್ ಹಚ್ಚಿದ್ರೆ ಆಯ್ತಲ್ಲಣ್ಣ?” ಆಗದು. ಡೈಯ ಸಣ್ಣ ಕಣಗಳು ಅಮೋನಿಯಾ, ಪೆರಾಕ್ಸೈಡುಗಳ ಜೊತೆ ಕೂದಲಿನೊಳಕ್ಕೆ ನುಗ್ಗಿ, ಅಲ್ಲಿ ಒಂದಕ್ಕೊಂದು ಕೂಡಿ ದಪ್ಪವಾಗಿ, ಬಂದ ದಾರಿಯಲ್ಲಿ ಹೊರಬರಲಾರದೆ ಕೂತುಬಿಡುತ್ತವೆ. ಮೇಲೆ ಇನ್ನೊಂದು ಬಣ್ಣ ಹಚ್ಚಿದರೆ ಅವು ಜಾಗ ಬಿಡುವುದಿಲ್ಲ. ಕಲರ್ ರಿಮೂವರ್ ಎಂಬ ದ್ರವ್ಯ ಅವನ್ನು ಮತ್ತೆ ಒಡೆದು ಸಣ್ಣದಾಗಿಸುತ್ತದೆ. ಆದರೆ ಆಮೇಲೆ ಚೆನ್ನಾಗಿ ತೊಳೆಯದೆ ಎದ್ದರೆ ಗಾಳಿಗೆ ಮತ್ತೆ ಒಂದಾಗಿ ಕಪ್ಪಾಗುತ್ತವೆ. ಮೆಹೆಂದಿ ಹಚ್ಚಿದವರಿಗೆ ಈ ಉಪಾಯವೂ ಇಲ್ಲ. ಅದು ಕೂದಲಿನ ಪ್ರೋಟೀನಾದ ಕೆರಟಿನ್ನಿಗೇ ಅಂಟಿದ ನಂಟು. ಅದರಲ್ಲಿ ಲೋಹದ ಲವಣ ಬೆರೆತಿದ್ದರಂತೂ ಪೆರಾಕ್ಸೈಡ್ ಸೋಕಿದೊಡನೆ ಕೂದಲು ಬಿಸಿಯೇರಿ ಸುಡಬಹುದು.

ಈ ವಿಷಯದಲ್ಲಿ ನಿಜವಾದ ಆಚಾರ್ಯರು ರೇಷ್ಮೆಯ ಊರಾದ ಶಿಡ್ಲಘಟ್ಟದಲ್ಲಿದ್ದಾರೆ, ಆದರೆ ಅವರನ್ನು ಯಾರೂ ಕೇಳಿಲ್ಲ. ರೇಷ್ಮೆಯೂ ಕೂದಲಿನಂತೆ ಪ್ರೋಟೀನ್ ಎಳೆ. ಸಿಬಿ, ಅಂದರೆ ಮಿಶ್ರತಳಿಯ ಗೂಡು ಹುಟ್ಟುತ್ತಲೇ ಹಳದಿ, ಬೈವೋಲ್ಟಿನ್ ಬಿಳಿ. ಆ ಹಳದಿ ಬಹುಪಾಲು ಹೊರಗಿನ ಸೆರಿಸಿನ್ ಅಂಟಿನಲ್ಲಿರುವುದರಿಂದ ಸೋಪು, ಸೋಡಾ ಹಾಕಿ ಕುದಿಸಿದರೆ ಅಂಟಿನ ಜೊತೆಗೇ ಇಳಿದುಹೋಗುತ್ತದೆ. ಕಚ್ಚಾ ರೇಷ್ಮೆಯ ತೂಕದಲ್ಲಿ ಶೇ. 20ರಿಂದ 25ರಷ್ಟೂ ಅದರ ಹಿಂದೆಯೇ ಹೊರಡುತ್ತದೆ. ಉಳಿದ ಛಾಯೆಗೆ ಹೈಡ್ರೋಜನ್ ಪೆರಾಕ್ಸೈಡ್. ಕ್ಲೋರಿನ್ ಬ್ಲೀಚನ್ನು ಮಾತ್ರ ಹತ್ತಿರ ಸೇರಿಸುವುದಿಲ್ಲ, ಅದು ಎಳೆಯನ್ನೇ ತಿಂದುಹಾಕುತ್ತದೆ. (ಬಾತ್‌ರೂಮಿನ ಬ್ಲೀಚಿಂಗ್ ಪೌಡರಿನತ್ತ ಕಣ್ಣು ಹಾಯಿಸುತ್ತಿರುವ ಪುನಃಕಪಿಲಾರ್ಥಿಗಳು ಈ ವಾಕ್ಯವನ್ನು ಎರಡು ಸಲ ಓದತಕ್ಕದ್ದು.) ಹಳದಿಯನ್ನು ಓಡಿಸಬೇಕಾದ ರೇಷ್ಮೆಯ ಊರಿನಲ್ಲೇ ಹಳದಿಗಾಗಿ ಹುಡುಗರು ದುಡ್ಡು ಸುರಿಯುವುದನ್ನು ಅರ್ಥಶಾಸ್ತ್ರಜ್ಞರು ಗಮನಿಸಬೇಕು. ಕೂದಲಿನ ಕಷ್ಟವೇನೆಂದರೆ ಅದರ ಬಣ್ಣ ಹೊರಗಿನ ಅಂಟಿನಲ್ಲಿಲ್ಲ, ಒಡಲಿನಲ್ಲಿದೆ. ಅದನ್ನು ತೆಗೆಯಹೋದಾಗ ಎಳೆಗೆ ಗಟ್ಟಿತನ ಕೊಡುವ ಗಂಧಕದ ಕೊಂಡಿಗಳೂ ಕಳಚುತ್ತವೆ. ನಮ್ಮ ಕಪ್ಪು ಕೂದಲು ಕೆಂಪು, ಕಿತ್ತಳೆಗಳನ್ನು ದಾಟಿಯೇ ಹಳದಿಗೆ ಬರಬೇಕು, ಅಡ್ಡದಾರಿ ಇಲ್ಲ. ಕಿತ್ತಳೆಯಲ್ಲಿ ಧೈರ್ಯಗೆಟ್ಟು 40 ವಾಲ್ಯೂಮ್, ಅಂದರೆ ಶೇ. 12ರ ಪೆರಾಕ್ಸೈಡ್ ಸುರಿದವರ ಕೂದಲು ಒದ್ದೆಯಾದಾಗ ಶ್ಯಾವಿಗೆಯಂತೆ ಹಿಗ್ಗಿ ತುಂಡಾಗುತ್ತದೆ. ಶೇ. 6ರದ್ದು, ಹಿಂಬದಿಯ ಒಂದು ಎಳೆಯ ಮೇಲೆ ಮೊದಲ ಪರೀಕ್ಷೆ, ನಡುವೆ ವಾರಗಳ ಬಿಡುವು: ಸಿದ್ಧಾಂತ ಇಷ್ಟೇ.

ಚಿಂತಾಮಣಿಯ ಕಡೆಯ ಬೋರ್‌ವೆಲ್ ನೀರು ಒಂದು ಉಪಸಮಸ್ಯೆ. ಆಳದಿಂದೆತ್ತಿದ ಗಡುಸು ನೀರಿನಲ್ಲಿ ಕಬ್ಬಿಣವಿದ್ದರೆ ಅದು ಕೂದಲಿಗಂಟಿ ಪೆರಾಕ್ಸೈಡಿನ ಕೆಲಸವನ್ನು ಕೆರಳಿಸುತ್ತದೆ. ಕೂದಲಿನ ಸವೆತಕ್ಕೆ ತಕ್ಕಮಟ್ಟಿನ ಪರಿಹಾರವನ್ನು ಅಜ್ಜಿ ಹಿಡಿದು ನಿಂತಿರುತ್ತಾಳೆ: ಕೊಬ್ಬರಿ ಎಣ್ಣೆ. ಅದು ಕೂದಲಿನ ಪ್ರೋಟೀನ್ ನಷ್ಟ ತಗ್ಗಿಸುತ್ತದೆಂದು ರೇಲೆ ಮತ್ತು ಮೊಹಿಲೆ 2003ರಲ್ಲಿ ಪ್ರಯೋಗದಿಂದ ತೋರಿಸಿದರು. ಅಜ್ಜಿಯ ಪ್ರಬಂಧವನ್ನು ಯಾವ ಪತ್ರಿಕೆಯೂ ಕೇಳಿರಲಿಲ್ಲ.

“ಒಂದೇ ಸಿಟ್ಟಿಂಗಲ್ಲಿ, ಡ್ಯಾಮೇಜ್ ಇಲ್ದೆ ಮಾಡ್ಕೊಡ್ತೀವಿ” ಎಂಬ ಪ್ರತಿಜ್ಞೆಯ ವಿಚಾರಣೆಗೆ ಯೋಗ್ಯರು ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಡಾ. ಎಚ್. ನರಸಿಂಹಯ್ಯನವರೇ ಆಗಿದ್ದರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿ 1976ರಲ್ಲಿ ಪವಾಡಗಳ ತನಿಖೆಗೆ ಸಮಿತಿ ನೇಮಿಸಿದವರು. ಆಗ ಸಲೂನುಗಳು ಇಂಥ ಪವಾಡಕ್ಕೆ ಕೈಹಾಕಿರಲಿಲ್ಲ, ಬದುಕಿಕೊಂಡವು.

ಕಾಯುವವರಿಗೆ ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ತುದಿ ಕತ್ತರಿಸುತ್ತ ಬಂದರೆ ಕಪ್ಪು ಡೈ ತಾನೇ ಮುಗಿಯುತ್ತದೆ, ಹೊಸ ಕೂದಲಿಗೆ ಹೊಂಬಣ್ಣ ಹೊಡೆಸಿದ ಮೇಲೆ ಮೀಸೆಯ ಪ್ರಶ್ನೆ ಮಾತ್ರ ಉಳಿಯುತ್ತದೆ. ತಲೆ ಹೊನ್ನಾಗಿ ಮೀಸೆ ಕಪ್ಪಾಗಿಯೇ ಇರುವ ವೈಷಮ್ಯದ ಬಗ್ಗೆ ಪ್ರತ್ಯೇಕ ಸಂಪುಟ ಸಿದ್ಧವಾಗುತ್ತಿದ್ದು, ಬಸ್ ಚಾರ್ಜು ಮಂಜೂರಾಗಬೇಕಿದೆ.