ಡಬ್ಬಿಸ್ಥ ವೀರಪುತ್ಥಳಿ: ದೊಡ್ಡಬಳ್ಳಾಪುರದ ನೆಲೆಯಲ್ಲಿ ಒಂದು ತಾತ್ವಿಕ ಅನುಸಂಧಾನ

ಪ್ರಸ್ತುತ ಅಧ್ಯಯನದ ವಸ್ತುವನ್ನು ಜನಸಾಮಾನ್ಯರು ಗೊಂಬೆ ಎಂದು ಕರೆಯುತ್ತಾರಾದರೂ, ಆ ಪದವು ಮೂರು ವರ್ಷದ ಮಗುವಿಗೂ ಅರ್ಥವಾಗುವಂಥದ್ದಾದ್ದರಿಂದ ಸಂಶೋಧನೆಗೆ ಅನರ್ಹವೆಂದು ಪರಿಗಣಿಸಿ, ಇಲ್ಲಿ ‘ಚಲನಚಿತ್ರಾನುಬಂಧಿತ ಸಂಧಿಚಾಲಿತ ವೀರಪುತ್ಥಳಿ’ ಎಂಬ ಪರಿಭಾಷೆಯನ್ನು ಬಳಸಲಾಗಿದೆ. ಸಿನಿಮಾ ತೆರೆ ಕಂಡ ಬೆನ್ನಿಗೇ ಅಂಗಡಿಗೆ ಬರುವುದರಿಂದ ಅದು ಚಲನಚಿತ್ರಾನುಬಂಧಿತ. ಭುಜ, ಮೊಣಕೈ, ಮಂಡಿಗಳಲ್ಲಿ ಕೀಲು ಇರುವುದರಿಂದ ಸಂಧಿಚಾಲಿತ. ಆ ಕೀಲನ್ನು ಒಮ್ಮೆಯೂ ತಿರುಗಿಸದೆ, ಡಬ್ಬಿಯ ಟೇಪನ್ನೂ ಕೀಳದೆ ಹತ್ತು ವರ್ಷ ಕಾಯಲು ಎದೆಗಾರಿಕೆ ಬೇಕಾಗುವುದರಿಂದ ವೀರ, ಆದರೆ ಈ ವೀರತ್ವ ಪುತ್ಥಳಿಯದೋ ಕೊಂಡವನದೋ ಎಂಬುದು ಇನ್ನೂ ವಿವಾದಾಸ್ಪದ. ಮುಂದೆ ಇದನ್ನು ಸಂಕ್ಷೇಪವಾಗಿ ಚ.ಸಂ.ವೀ. ಎನ್ನಲಾಗುವುದು, ಏಕೆಂದರೆ ಸಂಕ್ಷೇಪಾಕ್ಷರವಿಲ್ಲದ ವಿಷಯಕ್ಕೆ ರಾಷ್ಟ್ರೀಯ ವಿಚಾರ ಸಂಕಿರಣದಲ್ಲಿ ಊಟದ ನಂತರದ, ಎಲ್ಲರೂ ತೂಕಡಿಸುವ ಗೋಷ್ಠಿ ಕೂಡ ದಕ್ಕುವುದಿಲ್ಲ.

ನಾಮಮೀಮಾಂಸೆಯ ದೃಷ್ಟಿಯಿಂದ ನೋಡಿದರೆ ಗೊಂಬೆ ಎನ್ನಲು ಪಡುವ ಈ ಸಂಕೋಚಕ್ಕೆ ಇತಿಹಾಸವಿದೆ. 1964ರಲ್ಲಿ ಅಮೆರಿಕದ ಹಾಸ್ಬ್ರೋ ಕಂಪನಿಯು ಜಿ.ಐ. ಜೋ ಎಂಬ, ಸುಮಾರು 30 ಸೆಂಟಿಮೀಟರ್ ಎತ್ತರದ ಸೈನಿಕನನ್ನು ಮಾರುಕಟ್ಟೆಗೆ ಬಿಟ್ಟಾಗ, ಗಂಡುಹುಡುಗರ ಕೈಗೆ ಗೊಂಬೆ ಕೊಡಲು ಅಪ್ಪಂದಿರು ಒಪ್ಪಲಾರರೆಂದು ಹೆದರಿ, ಗೊಂಬೆ ಎಂಬ ಮಾತನ್ನೇ ಬಿಟ್ಟು ‘ಆ್ಯಕ್ಷನ್ ಫಿಗರ್’ ಎಂಬ ಹೊಸ ಹೆಸರನ್ನು ಹುಟ್ಟಿಸಿತು. ಬಾರ್ಬಿಗೆ ಹೇಗೋ ಹಾಗೆ ಈ ಸೈನಿಕನಿಗೂ ಬಟ್ಟೆ ಬದಲಿಸಬಹುದಾಗಿತ್ತು ಎಂಬುದನ್ನು ಯಾರೂ ಎತ್ತಿ ಆಡಲಿಲ್ಲ. ಇದನ್ನು ಈ ಪ್ರಬಂಧವು ‘ಲಜ್ಜಾನಿವಾರಕ ಪರಿಭಾಷಾನಿರ್ಮಿತಿ’ ಎಂದು ಕರೆಯುತ್ತದೆ, ಅಂದರೆ ನಾಚಿಕೆ ಮುಚ್ಚಿಕೊಳ್ಳಲು ದೊಡ್ಡ ಪದ ಕಟ್ಟುವುದು ಎಂದರ್ಥ. ಆಟಿಕೆ ಕಾರ್ಖಾನೆಗಳಿಗಿಂತ ಬಹಳ ಮೊದಲೇ ಈ ವಿದ್ಯೆ ವಿಶ್ವವಿದ್ಯಾಲಯಗಳಿಗೆ ಸಿದ್ಧಿಸಿತ್ತು.

ಎರಡನೆಯ ಘಟ್ಟ 1977ರದು. ಆ ವರ್ಷ ‘ಸ್ಟಾರ್ ವಾರ್ಸ್’ ಸಿನಿಮಾ ನಿರೀಕ್ಷೆ ಮೀರಿ ಗೆದ್ದಾಗ, ಗೊಂಬೆ ಮಾಡುವ ಹಕ್ಕು ಪಡೆದಿದ್ದ ಕೆನ್ನರ್ ಕಂಪನಿಯು ಕ್ರಿಸ್‌ಮಸ್ ಹೊತ್ತಿಗೆ ಮಾಲು ಒದಗಿಸಲಾಗದೆ, ಒಳಗೆ ಗೊಂಬೆಯೇ ಇಲ್ಲದ ರಟ್ಟಿನ ಲಕೋಟೆಯನ್ನು ಮಾರಿ, ಅದರಲ್ಲಿದ್ದ ಚೀಟಿಯನ್ನು ತುಂಬಿ ಕಳಿಸಿದವರಿಗೆ ಮರುವರ್ಷ ನಾಲ್ಕು ಗೊಂಬೆಗಳನ್ನು ಅಂಚೆಯಲ್ಲಿ ರವಾನಿಸಿತು. ದುಡ್ಡು ಕೊಟ್ಟು ಖಾಲಿತನವನ್ನು ಮನೆಗೊಯ್ಯುವ ಈ ಕ್ರಿಯೆಯಲ್ಲಿ ಶೂನ್ಯ ಸಂಪಾದನೆಯ ಪಾಶ್ಚಾತ್ಯ ಪ್ರತಿರೂಪವನ್ನು ಗುರುತಿಸಿ ಯಾರಾದರೂ ಒಂದು ಪಿಎಚ್.ಡಿ. ಮಾಡಿಕೊಳ್ಳಲಿ ಎಂದು ಈ ಪ್ರಬಂಧ ಅವಕಾಶವನ್ನು ತೆರೆದಿಟ್ಟಿದೆ, ಅಲ್ಲಮನು ಕ್ಷಮಿಸಬೇಕು.

ಇನ್ನು ಪ್ರಾದೇಶಿಕ ಪರಿಪ್ರೇಕ್ಷ್ಯ. ದೊಡ್ಡಬಳ್ಳಾಪುರವು ವಿದ್ಯುತ್ ಮಗ್ಗಗಳ ಊರು. ಅನೇಕ ಕೇರಿಗಳಲ್ಲಿ ಮುಂದಿನ ಅಂಕಣದಲ್ಲಿ ಸಂಸಾರ, ಹಿಂದಿನ ಅಂಕಣದಲ್ಲಿ ಮಗ್ಗ, ನಡುವೆ ಒಂದೇ ಗೋಡೆ. ಆ ಗೋಡೆಗೆ ಒರಗಿಸಿದ ಷೋಕೇಸಿನಲ್ಲಿ ಚ.ಸಂ.ವೀ.ಯೊಂದನ್ನು ಇಟ್ಟಾಗ ಘಟಿಸುವ ವಿದ್ಯಮಾನವನ್ನು ‘ಲಾಳಿಕಂಪನಜನ್ಯ ಸ್ಥಾನಾಂತರ’ ಎನ್ನಬಹುದು. ಬೆಳಿಗ್ಗೆ ಕರೆಂಟ್ ಬಂದು ಮಗ್ಗಗಳು ಟಕಾಟಕ್ ಎಂದು ಶುರುವಾದೊಡನೆ ಷೋಕೇಸಿನ ಗಾಜು ಸಣ್ಣಗೆ ಅದುರತೊಡಗುತ್ತದೆ. ಡಬ್ಬಿಯೊಳಗಿನ ಐರನ್ ಮ್ಯಾನ್ ಎಳ್ಳಷ್ಟೆಳ್ಳಷ್ಟೇ ಜರುಗಿ, ಮಧ್ಯಾಹ್ನದ ಹೊತ್ತಿಗೆ ಬಾಗಿಲ ಕಡೆಗಿದ್ದ ಮುಖವನ್ನು ಪಕ್ಕದ ಸ್ಟೀಲ್ ಲೋಟಗಳ ಕಡೆಗೆ ತಿರುಗಿಸಿ, ಸಂಜೆಗೆ ಗೋಡೆಯನ್ನು ನೋಡುತ್ತ ನಿಂತಿರುತ್ತಾನೆ. ಡಬ್ಬಿಯ ಪ್ಲಾಸ್ಟಿಕ್ ಕಿಂಡಿಯ ಮೇಲೆ ನೂಲಿನ ಧೂಳು ಕೂತಿರುತ್ತದೆ, ಅದನ್ನು ಸೀರೆಯ ಚೂರಿನಿಂದ ಒರೆಸಿ, ಮತ್ತೆ ಮುಂದಕ್ಕೆ ತಿರುಗಿಸಿ ಇಡುವುದು ಸಂಗ್ರಾಹಕನ ನಿತ್ಯವಿಧಿ. ಲೋಡ್ ಶೆಡ್ಡಿಂಗ್ ಆದ ದಿನ ವೀರನು ಕದಲುವುದಿಲ್ಲ. ಹೆಸರಿನಲ್ಲಷ್ಟೇ ಉಳಿದಿದ್ದ ‘ಆ್ಯಕ್ಷನ್’ ಹೀಗೆ ಬೆಸ್ಕಾಂ ಕೃಪೆಯಿಂದ ನೆರವೇರುವುದು ಜಗತ್ತಿನ ಬೇರೆಡೆ ದಾಖಲಾದಂತಿಲ್ಲ.

ಚ.ಸಂ.ವೀ.ಗಳನ್ನು ಐದು ವರ್ಗಗಳಾಗಿ ವಿಂಗಡಿಸಬಹುದು. ಮೊದಲನೆಯದು ಅಭಿನ್ನಮುದ್ರ, ಅಂದರೆ ಡಬ್ಬಿ ಒಡೆಯದ್ದು. ಸಂಗ್ರಾಹಕರಲ್ಲಿ ಇದಕ್ಕೇ ಅಗ್ರಪೂಜೆ, ಡಬ್ಬಿಯ ಮೂಲೆ ಚೂರು ನಗ್ಗಿದರೂ ಬೆಲೆ ಬಿತ್ತೆಂದು ಹಲುಬುತ್ತಾರೆ. ಎರಡನೆಯದು ಭಿನ್ನಮುದ್ರ, ಡಬ್ಬಿ ಒಡೆದದ್ದು. ಇದು ಕುಲದಿಂದ ಹೊರಗೆ. ಮೂರನೆಯದು ಜಾತ್ರಾಮಿಶ್ರಜ, ಅಂದರೆ ಘಾಟಿ ಸುಬ್ರಹ್ಮಣ್ಯದ ಜಾತ್ರೆಯಲ್ಲಿ, ಬತ್ತಾಸು ಬುರುಗಿನ ಅಂಗಡಿಯ ಪಕ್ಕ ಟಾರ್ಪಾಲಿನ ಮೇಲೆ ಹರಡಿಕೊಂಡಿರುವಂಥದ್ದು. ಇಲ್ಲಿ ಸ್ಪೈಡರ್‌ಮ್ಯಾನ್ ಮೂರು ಚಕ್ರದ ಬೈಕು ಓಡಿಸುತ್ತಾನೆ, ಬ್ಯಾಟ್‌ಮ್ಯಾನ್ ಪ್ಯಾರಾಚೂಟ್ ಕಟ್ಟಿಕೊಂಡು ಇಳಿಯುತ್ತಾನೆ, ಹಲ್ಕ್‌ನ ಮೈಗೆ ಯಾರದೋ ತಲೆ ಕೂತಿರುತ್ತದೆ, ಕವರಿನ ಮೇಲೆ ಯಾವ ಸಿನಿಮಾದ ಹೆಸರೂ ನೆಟ್ಟಗಿರುವುದಿಲ್ಲ. ಜೋಡಿ ಎತ್ತಿನ ವ್ಯಾಪಾರ ಕುದುರಿಸಲು ಟವಲಿನಡಿ ಬೆರಳು ಹಿಡಿದು ಕೂತ ಅಪ್ಪನ ಪಕ್ಕದಲ್ಲಿ ಇಂಥದ್ದೊಂದನ್ನು ಹಿಡಿದ ಹುಡುಗ, ಅದನ್ನು ಎತ್ತಿನ ಕೊಂಬಿನ ಮೇಲೆ ಕೂರಿಸಲು ನೋಡುತ್ತಿರುತ್ತಾನೆ. ನಾಲ್ಕನೆಯ ವರ್ಗವು ಅನುಕರಣಾತ್ಮಕ, ಐದನೆಯದು ಉಳಿದವು. ಮೂರನೆಯದನ್ನು ನೋಡಿದ ಮೇಲೆ ಇವೆರಡನ್ನು ವಿವರಿಸುವ ಉತ್ಸಾಹ ಉಳಿಯದ ಕಾರಣ ವರ್ಗೀಕರಣವನ್ನು ಇಲ್ಲಿಗೆ ಕೈಬಿಡಲಾಗಿದೆ.

ಘಾಟಿಯ ಉಲ್ಲೇಖ ಬಂದಿರುವುದರಿಂದ ಒಂದು ಮಾತು. ಅಲ್ಲಿ ಒಂದೇ ಶಿಲೆಯಲ್ಲಿ ಸುಬ್ರಹ್ಮಣ್ಯನು ಪೂರ್ವಕ್ಕೂ ನರಸಿಂಹನು ಪಶ್ಚಿಮಕ್ಕೂ ಮುಖ ಮಾಡಿರುವುದರಿಂದ ಹಿಂಬದಿಯ ದರ್ಶನಕ್ಕೆಂದು ಗರ್ಭಗುಡಿಯಲ್ಲಿ ಕನ್ನಡಿ ಇಡಲಾಗಿದೆ. ಷೋಕೇಸಿನ ಬೆನ್ನಿಗೆ ಕನ್ನಡಿ ಹಾಕಿಸಿ ಗೊಂಬೆಯ ಬೆನ್ನು ನೋಡುವ ಸಂಗ್ರಾಹಕರ ಪದ್ಧತಿಗೂ ಇದಕ್ಕೂ ‘ದ್ವಿಮುಖದರ್ಶನ ಸಂಕಥನ’ದ ಸಂಬಂಧ ಕಲ್ಪಿಸಬಹುದೆಂಬ ಆಸೆ ಸಂಶೋಧಕರಿಗೆ ಹುಟ್ಟುವುದು ಸಹಜ. ಕಲ್ಪಿಸಬಾರದು. ಒಂದು ಕಡೆ ನಾಗರಕಲ್ಲು ಪ್ರತಿಷ್ಠೆ ಮಾಡಿ ಮಗುವಿಗಾಗಿ ಬೇಡಿಕೊಳ್ಳಲು ಜನ ಬರುತ್ತಾರೆ. ಇನ್ನೊಂದು ಕಡೆ ಹುಟ್ಟಿದ ಮಗುವಿಗೆ ‘ಮುಟ್ಟಬೇಡ’ ಎನ್ನುತ್ತಾರೆ.

ಈ ‘ಮುಟ್ಟಬೇಡ’ವೇ ಅಧ್ಯಯನದ ತಿರುಳು, ಮಿಕ್ಕದ್ದೆಲ್ಲ ಪುಟ ತುಂಬಿಸಲು ಬರೆದದ್ದು. ವಿದೇಶಿ ಆಟಿಕೆಗಳ ಮೇಲಿನ ಆಮದು ಸುಂಕವು 2020ರಲ್ಲಿ ಶೇಕಡಾ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿದೆ. 2021ರ ಜನವರಿಯಿಂದ ಐಎಸ್ಐ ಮುದ್ರೆಯೂ ಕಡ್ಡಾಯವಾಗಿದೆ. ಹಾಂಗ್‌ಕಾಂಗಿನ ಹಾಟ್ ಟಾಯ್ಸ್ ಕಂಪನಿಯ ಒಂದು ಗೊಂಬೆಗೆ ತೆರುವ ಹಣ, ಹಿಂದಿನ ಅಂಕಣದಲ್ಲಿ ಮಗ್ಗ ಓಡಿಸುವವನ ಎಷ್ಟೋ ವಾರಗಳ ಬಟವಾಡೆ. ಇಷ್ಟು ಕೊಟ್ಟು ತಂದದ್ದನ್ನು ಮಗು ಮುಟ್ಟಬಾರದು ಎಂಬುದರಲ್ಲಿ ಲೆಕ್ಕಾಚಾರವಿದೆ, ಒಪ್ಪಬಹುದು. ಆದರೆ ಆಡುವುದಕ್ಕೆಂದೇ ಕೀಲು ಕೂಡಿಸಿದ ವಸ್ತುವನ್ನು ಆಡದೆ ಇಡುವುದನ್ನು ‘ಸಾಂಸ್ಕೃತಿಕ ಸ್ಮೃತಿಯ ಸಂರಕ್ಷಣೆ’ ಎನ್ನುವವರ ಮಾತನ್ನೂ, ಅದೇ ವಾಕ್ಯವನ್ನು ಐಎಸ್‌ಬಿಎನ್ ಸಂಖ್ಯೆಯಿರುವ ಸಂಪುಟದಲ್ಲಿ ಅಚ್ಚು ಹಾಕಿಸಿ ಬಡ್ತಿಗೆ ಅರ್ಜಿ ಹಾಕುವವರ ಮಾತನ್ನೂ ಸಹಿಸಿಕೊಂಡು ಕೂರಲು ಕಾರಣವಿಲ್ಲ. ಇಬ್ಬರ ಕಸುಬೂ ಒಂದೇ. ಒಬ್ಬ ಗೊಂಬೆಯನ್ನು ಡಬ್ಬಿಯಲ್ಲಿಡುತ್ತಾನೆ, ಇನ್ನೊಬ್ಬ ಕನ್ನಡವನ್ನು. ಗೊಂಬೆ ಎಂಬ ಎರಡಕ್ಷರವನ್ನು ಆಡಿಬಿಟ್ಟರೆ ಬೆಲೆ ಬೀಳುತ್ತದೆಂಬ ಭಯ ಇಬ್ಬರಿಗೂ.

ಕನ್ನಡಕ್ಕೆ ಆ ಭಯ ಎಂದೂ ಇರಲಿಲ್ಲ. ತೊಗಲಿನದೂ ಗೊಂಬೆ, ಮದುವೆಯಲ್ಲಿ ತವರಿನವರು ಕೊಡುವ ರಾಜ ರಾಣಿಯೂ ಪಟ್ಟದ ಗೊಂಬೆ, ಆಲೆ ಮರವನ್ನು ಕಡೆದು ಅರಗು ಹಚ್ಚುವ ಚನ್ನಪಟ್ಟಣದ್ದೂ ಗೊಂಬೆ. ಸಂಗ್ರಹವೆಂದರೆ ಏನೆಂದು ತಿಳಿಯಬೇಕಾದವರು ದಸರೆಯಲ್ಲಿ ಗೊಂಬೆ ಕೂರಿಸುವ ಮನೆಗೆ ಹೋಗಬೇಕು. ಅಲ್ಲಿ ಟ್ರಂಕಿನಿಂದ ತೆಗೆದ, ಹಳೆಯ ಪಂಚೆಯಲ್ಲಿ ಸುತ್ತಿಟ್ಟ ಗೊಂಬೆಗಳಿಗೆ ಅಜ್ಜಿಯ ಕಾಲದ ವಯಸ್ಸಾಗಿರುತ್ತದೆ. ಶೆಟ್ಟಿ ಅಂಗಡಿಯ ಶೆಟ್ಟಮ್ಮನ ಮುರಿದ ಕೈಗೆ ಫೆವಿಕಾಲ್ ಮೆತ್ತಿರುತ್ತದೆ. ರಾಗಿ ಚೆಲ್ಲಿ ಬೆಳೆಸಿದ ಹಸಿರು ಪಾರ್ಕಿನಲ್ಲಿ ಕ್ರಿಕೆಟ್ ಆಡುವವರ ನಡುವೆ ಮನೆಯ ಹುಡುಗ ತನ್ನ ಹಲ್ಕನ್ನು ತಂದು ಅಂಪೈರ್ ಮಾಡಿ ನಿಲ್ಲಿಸಿರುತ್ತಾನೆ. ಕೇರಿಯ ಮಕ್ಕಳೆಲ್ಲ ಬಂದು ನೋಡಿ, ಬಗ್ಗಿ ಮುಟ್ಟಿ, ಬೈಸಿಕೊಂಡು, ಬೊಂಬೆ ಬಾಗಿನ ತಿಂದು ಹೋಗುತ್ತಾರೆ.

ಕನ್ನಡ ಸಿನಿಮಾ ನಾಯಕನ ಕೀಲುಗೊಂಬೆ ಅಂಗಡಿಯಲ್ಲಿ ಕಣ್ಣಿಗೆ ಬೀಳುವುದು ಅಪರೂಪ. ಆದರೂ 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ಹೋದ ಮೇಲೆ, ಮರುವರ್ಷದ ಗಣೇಶನ ಹಬ್ಬಕ್ಕೆ ರಾಜ್ಯದ ಎಷ್ಟೋ ಕಡೆ ಗಣಪನ ಪಕ್ಕದಲ್ಲಿ ನಗುವ ಅಪ್ಪು ನಿಂತಿದ್ದರು. ಆ ಗೊಂಬೆಗಳಿಗೆ ಪರವಾನಗಿಯಿರಲಿಲ್ಲ, ಸರಣಿ ಸಂಖ್ಯೆಯಿರಲಿಲ್ಲ, ಎಷ್ಟೋ ಮೂರ್ತಿಗಳಲ್ಲಿ ಹೋಲಿಕೆಯೂ ಸರಿಯಾಗಿ ಕೂತಿರಲಿಲ್ಲ. ಮೂರು ದಿನವೋ ಐದು ದಿನವೋ ಇಟ್ಟುಕೊಂಡು, ತಮಟೆ ಬಡಿದು ಕುಣಿದು, ಕೆರೆಯ ನೀರಿಗೆ ಬಿಡುವಾಗ ಅತ್ತವರಿದ್ದಾರೆ. ಮರುಮಾರಾಟದ ಬೆಲೆಯೇ ಇಲ್ಲದ ಗೊಂಬೆಗಾಗಿ ಅಷ್ಟು ಜನ ಅತ್ತದ್ದನ್ನು ಯಾವ ಪರಿಭಾಷೆಯಲ್ಲಿ ಹೇಳಬೇಕೆಂದು ಪ್ರಬಂಧಕ್ಕೆ ಹೊಳೆದಿಲ್ಲ.

ಆದಕಾರಣ ಚ.ಸಂ.ವೀ. ಸಂಗ್ರಾಹಕರಲ್ಲಿ ವಿನಂತಿ. ಮುಂದಿನ ದಸರೆಗೆ ಡಬ್ಬಿ ಕತ್ತರಿಸಿ ಗೊಂಬೆಯನ್ನು ಹೊರಗೆ ತೆಗೆದು, ಗೊಂಬೆ ಕೂರಿಸುವ ಯಾವುದಾದರೂ ಮನೆಗೆ ಒಯ್ದು ಕೊಡಿ. ಶೆಟ್ಟಿಯ ಅಂಗಡಿಯ ಪಕ್ಕದಲ್ಲಿ ಇನ್ನೂ ಜಾಗವಿದೆ. ಡಬ್ಬಿಯನ್ನೂ ಎಸೆಯಬೇಕಾಗಿಲ್ಲ, ಬಿಳಿ ಪಂಚೆಯ ಅಡಿಯಲ್ಲಿ ಮೆಟ್ಟಿಲು ಎತ್ತರಿಸಲು ರಟ್ಟು ಯಾವಾಗಲೂ ಸಾಲದೆ ಬರುತ್ತದೆ.